ಅಲಂಕಾರ ವಿನ್ಯಾಸದ ನವೀನತಾ ನಿರ್ಣಯ

ಕಣ್ಣಿಗೆ ಹೊಸದೆಂದು ತೋರುವ ಒಂದು ಅಲಂಕಾರವು ನಿಜವಾಗಿ ನೂತನವೋ, ಇಲ್ಲವೇ ಹಳೆಯ ಮಾದರಿಗಳನ್ನು ಬಲ್ಲ ಯಾವ ಕುಶಲಕರ್ಮಿಗಾದರೂ ಸಹಜವಾಗಿ ಹೊಳೆಯಬಹುದಾದ ಮಾರ್ಪಾಟೋ ಎಂಬುದನ್ನು ನ್ಯಾಯದೃಷ್ಟಿಯಿಂದ ವಿವೇಚಿಸುವ ಕ್ರಮ. ಭಾರತದಲ್ಲಿ ಈ ವಿಷಯವು ಪೇಟೆಂಟ್ ಶಾಸನಕ್ಕೆ ಸೇರದೆ 2000ದ ವಿನ್ಯಾಸ ಅಧಿನಿಯಮಕ್ಕೆ ಒಳಪಟ್ಟಿದ್ದು, ನೋಂದಣಿಯಾದ ವಿನ್ಯಾಸಕ್ಕೆ ಮೊದಲು 10 ವರ್ಷ, ಕೋರಿದರೆ ಮತ್ತೆ 5 ವರ್ಷ ರಕ್ಷಣೆ ದೊರೆಯುವುದು.

ಅಧಿನಿಯಮದ 4ನೆಯ ಪ್ರಕರಣವು, ಲೋಕದ ಯಾವ ಭಾಗದಲ್ಲಾದರೂ ಮೊದಲೇ ಬಹಿರಂಗವಾದ ವಿನ್ಯಾಸವನ್ನು ಮಾತ್ರವಲ್ಲದೆ, ಈಗಾಗಲೇ ತಿಳಿದಿರುವ ವಿನ್ಯಾಸಗಳಿಂದಲೂ ಅವುಗಳ ಜೋಡಣೆಯಿಂದಲೂ ಗಣನೀಯವಾಗಿ ಭಿನ್ನವಲ್ಲದುದನ್ನೂ ನಿರಾಕರಿಸುತ್ತದೆ. ಗ್ಯಾರೇಜಿನ ಬಾಗಿಲನ್ನೇ ತೆಗೆದುಕೊಂಡರೆ, ಅದನ್ನು ಮೇಲೆತ್ತುವ ಸ್ಪ್ರಿಂಗು, ಗಾಲಿ, ಹಳಿಗಳು ಯಂತ್ರಕ್ರಿಯೆಗೆ ಸೇರಿದವಾದುದರಿಂದ ಲೆಕ್ಕಕ್ಕೆ ಬಾರವು. ಉಬ್ಬುಹಲಗೆಗಳ ಪ್ರಮಾಣ, ಮೇಲ್ಸಾಲಿನ ಗಾಜುಕಿಂಡಿಗಳ ಕಮಾನು, ಪಟ್ಟಿಗಳ ಓಟ ಇವನ್ನೆಲ್ಲ ಒಟ್ಟಾಗಿ ಕಣ್ಣೊಂದೇ ಅಳೆಯತಕ್ಕದ್ದು. ಒಂದು ಬಾಗಿಲಿನ ಹಲಗೆಯನ್ನೂ ಮತ್ತೊಂದರ ಕಿಂಡಿಯನ್ನೂ ಸುಮ್ಮನೆ ಕೂಡಿಸಿದ ಮಾತ್ರಕ್ಕೆ ಸ್ವಂತಿಕೆ ಒದಗದು. ಅಮೆರಿಕದಲ್ಲಿ ವಿನ್ಯಾಸವೂ ಪೇಟೆಂಟಿನ ಒಂದು ಬಗೆ. ಅಲ್ಲಿ 1982ರ ರೋಸೆನ್ ತೀರ್ಪಿನಿಂದ ಮೊದಲುಗೊಂಡು, ಬಹುಮಟ್ಟಿಗೆ ಅದೇ ರೂಪದ ಪೂರ್ವಮಾದರಿಯೊಂದನ್ನು ಮುಂದಿಡದೆ, ವಿನ್ಯಾಸವು ಸಹಜವಾಗಿ ಹೊಳೆಯಬಹುದಾದುದೆಂಬ ಆಕ್ಷೇಪವನ್ನು ಎತ್ತುವಂತಿರಲಿಲ್ಲ. 2024ರ ಮೇ 21ರಂದು ಎಲ್‌ಕೆಕ್ಯೂ–ಜನರಲ್ ಮೋಟಾರ್ಸ್ ಮೊಕದ್ದಮೆಯಲ್ಲಿ ಫೆಡರಲ್ ಸರ್ಕ್ಯೂಟ್ ನ್ಯಾಯಾಲಯದ ಪೂರ್ಣಪೀಠವು ಆ ಬಿಗಿಯಾದ ನಿಯಮವನ್ನು ತೊರೆದು, ಆ ಕಸುಬಿನ ಸಾಮಾನ್ಯ ವಿನ್ಯಾಸಕಾರನಿಗೆ ಹಾಗೆ ಮಾರ್ಪಡಿಸುವ ಪ್ರೇರಣೆ ಇದ್ದಿತೇ ಎಂಬುದನ್ನು ವಿಚಾರಿಸಹೇಳಿತು.

ಹಳೆಯ ರೂಪಕ್ಕೂ ಹೊಸ ವಿನ್ಯಾಸಕ್ಕೂ ಇರುವ ಅಂತರಕ್ಕೆ ಹೊಸದುರ್ಗ ಸೀಮೆಯ ಮತ್ತೋಡು ಎಂಬ ಊರು ಉತ್ತಮ ನಿದರ್ಶನವನ್ನೊದಗಿಸುತ್ತದೆ. 1800–01ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕನನ್ ಇಲ್ಲಿಯ ಗಾಜಿನ ಕೆಲಸವನ್ನು ವರ್ಣಿಸಿದ್ದಾನೆ. ಚೌಳುಮಣ್ಣಿನ ಕ್ಷಾರವನ್ನೂ ಬೆಣಚುಕಲ್ಲಿನ ಪುಡಿಯನ್ನೂ ಕುಲುಮೆಯಲ್ಲಿ ಕರಗಿಸಿ ಕಪ್ಪು, ಹಸಿರು, ಕೆಂಪು, ನೀಲಿ, ಹಳದಿ ಬಳೆಗಳನ್ನು ತೆಗೆಯುತ್ತಿದ್ದರು. ತಲೆಮಾರುಗಳಿಂದ ಎಲ್ಲರ ಕೈಗೂ ಬಂದ ಆ ಸಾದಾ ಬಳೆಯ ರೂಪವನ್ನು ಇಂದು ಯಾರೂ ತಮ್ಮದೆಂದು ನೋಂದಾಯಿಸಲಾರರು, ನೋಂದಾಯಿಸಲೂ ಬಾರದು. ಆದರೆ ಅದೇ ಬಳೆಯ ಮೈಮೇಲೆ ಹಿಂದೆಲ್ಲೂ ಕಾಣದ ರೇಖಾಬಂಧವೊಂದನ್ನು ಮೂಡಿಸಿದವನಿಗೆ ಆ ಹಕ್ಕು ಉಂಟು.

ಗಾಜಿನ ಮೇಲಣ ಚಿತ್ತಾರದ ವ್ಯಾಜ್ಯವೇ ಭಾರತ್ ಗ್ಲಾಸ್ ಟ್ಯೂಬ್ ಮತ್ತು ಗೋಪಾಲ್ ಗ್ಲಾಸ್ ವರ್ಕ್ಸ್ ನಡುವೆ ಸರ್ವೋಚ್ಚ ನ್ಯಾಯಾಲಯದವರೆಗೆ ಸಾಗಿ 2008ರಲ್ಲಿ ಇತ್ಯರ್ಥವಾಯಿತು. ಗಾಜಿನ ಹಾಳೆಗೆ ಚಿತ್ತಾರವನ್ನೊತ್ತಲು ಜರ್ಮನಿಯಿಂದ ತರಿಸಿದ ರೋಲರಿನಲ್ಲಿ ಆ ಚಿತ್ತಾರ ಮೊದಲೇ ಇದ್ದಿತೆಂಬುದು ಆಕ್ಷೇಪ. ರೋಲರು ಬೇರೆ, ಗಾಜಿನ ಹಾಳೆ ಬೇರೆ. ಹಾಳೆಯ ಮೇಲೆ ಅದು ಹಿಂದೆ ಮೂಡಿತ್ತೆಂಬುದಕ್ಕೆ ಪುರಾವೆಯಿಲ್ಲವೆಂದು ನ್ಯಾಯಾಲಯ ಗೋಪಾಲ್ ಗ್ಲಾಸ್ ವರ್ಕ್ಸ್‌ನ ನೋಂದಣಿಯನ್ನು ಎತ್ತಿಹಿಡಿಯಿತು. ಶಾಸನವು ಕಾಯುವುದು ವಸ್ತುವಿನ ಮೇಲೆ ಕಾಣುವ ರೂಪವನ್ನೇ ಆದುದರಿಂದ ತೀರ್ಪು ಯುಕ್ತವಾದುದು; ಪುರಾವೆಯೆಂದು ಮುಂದಿಟ್ಟ, ಬ್ರಿಟಿಷ್ ಪೇಟೆಂಟ್ ಕಚೇರಿಯಿಂದ ಪಡೆದ ಕಂಪ್ಯೂಟರ್ ಚಿತ್ರವೂ ಹಾಳೆಯ ಮೇಲಣ ಮೂರ್ತರೂಪಕ್ಕೆ ಸಾಟಿಯೆನಿಸಲಿಲ್ಲ.