ಪಿನ್‌ಕೋಡಿನೊಳಗೆ ಮುಚ್ಚಿಹೋದ ರಕ್ತದ ಲೆಕ್ಕ

ಸ್ವಲ್ಪ ಉದ್ದ ಇದೆ, ಬಿಡುವು ಮಾಡ್ಕೊಂಡು ಓದಿ.

ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಫ್ಲಿಂಟ್ ಅಂತ ಒಂದು ಊರು. ಅರ್ಧಕ್ಕಿಂತ ಹೆಚ್ಚು ಜನ ಕರಿಯರು, ಬಡತನವೂ ಜಾಸ್ತಿ. ಊರು ಸಾಲದಲ್ಲಿದೆ ಅಂತ ರಾಜ್ಯ ಸರ್ಕಾರ ಆಡಳಿತವನ್ನು ತಾನೇ ನೇಮಿಸಿದ ಅಧಿಕಾರಿಯ ಕೈಗೆ ಕೊಟ್ಟಿತ್ತು. ಜನ ಓಟು ಹಾಕಿ ಆರಿಸಿದವರು ಹೆಸರಿಗೆ ಮಾತ್ರ. ದುಡ್ಡು ಉಳಿಸೋಕೆ 2014ರ ಏಪ್ರಿಲ್‌ನಲ್ಲಿ ಡೆಟ್ರಾಯಿಟ್‌ನಿಂದ ಬರ್ತಿದ್ದ ನೀರು ನಿಲ್ಲಿಸಿ ಫ್ಲಿಂಟ್ ನದಿಯ ನೀರು ಬಿಟ್ಟರು. ಪೈಪು ಸವೆಯದಂತೆ ಬೆರೆಸಬೇಕಾದ ರಾಸಾಯನಿಕ ಬೆರೆಸಲಿಲ್ಲ. ಹಳೇ ಪೈಪಿನ ಸೀಸ ನಲ್ಲಿಗೆ ಇಳೀತು.

ಜನ ಕಂದು ನೀರನ್ನು ಬಾಟಲಿಯಲ್ಲಿ ಹಿಡ್ಕೊಂಡು ಸಭೆಗಳಿಗೆ ಹೋದರು. ನೀರು ಸರಿಯಾಗಿದೆ ಅಂದರು ಅಧಿಕಾರಿಗಳು. ಅದೇ ಅಕ್ಟೋಬರ್‌ನಲ್ಲಿ ಜನರಲ್ ಮೋಟಾರ್ಸ್‌ನವರು ಎಂಜಿನ್ ಭಾಗಗಳು ತುಕ್ಕು ಹಿಡೀತಿವೆ ಅಂದಾಗ ಕಾರ್ಖಾನೆಗೆ ಬೇರೆ ನೀರು ಸಿಕ್ಕಿತು. ಕಬ್ಬಿಣಕ್ಕೆ ಸಿಕ್ಕಿದ್ದು ಕೂಸಿಗೆ ಸಿಗೋಕೆ ಇನ್ನೊಂದು ವರ್ಷ ಹಿಡೀತು.

ಮೋನಾ ಹನ್ನಾ-ಅಟಿಶಾ ಅನ್ನೋ ಮಕ್ಕಳ ಡಾಕ್ಟರು ಹೊಸದಾಗಿ ಯಾರ ರಕ್ತವನ್ನೂ ತೆಗೀಲಿಲ್ಲ. ಅಲ್ಲಿ ಬಡವರ ಮಕ್ಕಳಿಗೆ ಒಂದು, ಎರಡನೇ ವಯಸ್ಸಿನಲ್ಲಿ ಸೀಸದ ಪರೀಕ್ಷೆ ಮಾಡ್ಲೇಬೇಕು. ಹಂಗಾಗಿ ರಿಪೋರ್ಟುಗಳು ಆಸ್ಪತ್ರೆಯಲ್ಲೇ ಇದ್ವು. ಸರ್ಕಾರದ ಹತ್ರಾನೂ ಇದ್ವು. ಆದರೆ ಸರ್ಕಾರದವರು ಪಿನ್‌ಕೋಡ್ ಲೆಕ್ಕದಲ್ಲಿ ನೋಡಿದ್ದರು. ಫ್ಲಿಂಟ್‌ನ ಪಿನ್‌ಕೋಡ್ ಊರಾಚೆಗೂ ಚಾಚಿದೆ, ಆ ನೀರು ಕುಡಿಯದ ಮನೆಗಳೂ ಅದರಲ್ಲಿವೆ. ಸರಾಸರಿಯಲ್ಲಿ ವಿಷ ತೆಳುವಾಯ್ತು. ಗುಮಾಸ್ತನಾದ ನನಗೆ ಈ ವಿದ್ಯೆ ಹೊಸದಲ್ಲ, ಕಾಲಂ ಹೇಗೆ ಹಾಕ್ತೀವೋ ಹಾಗೆ ಉತ್ತರ ಬರುತ್ತೆ.

ಆಕೆ ಮನೆ ವಿಳಾಸ ಹಿಡಿದು ಬೇರೆ ಮಾಡಿದರು. ಡೆಸಿಲೀಟರ್ ರಕ್ತಕ್ಕೆ 5 ಮೈಕ್ರೋಗ್ರಾಂ ಅಥವಾ ಹೆಚ್ಚು ಸೀಸವಿದ್ದ ಐದು ವರ್ಷದೊಳಗಿನ ಮಕ್ಕಳು ಶೇ. 2.4 ಇದ್ದವರು ಶೇ. 4.9 ಆಗಿದ್ದರು. ನೀರಲ್ಲಿ ಸೀಸ ಅತಿ ಹೆಚ್ಚಿದ್ದ ಬೀದಿಗಳಲ್ಲಿ ಶೇ. 4ರಿಂದ 10.6ಕ್ಕೆ. 2015ರ ಸೆಪ್ಟೆಂಬರ್‌ನಲ್ಲಿ ಇದನ್ನು ಬಹಿರಂಗ ಮಾಡಿದಾಗ ಸರ್ಕಾರ ಮೊದಲು ಆಕೆಯ ಮೇಲೇ ಹರಿಹಾಯ್ದಿತು. ಆಮೇಲೆ ಒಪ್ಪಿಕೊಳ್ತು. ಅಕ್ಟೋಬರ್ 16ಕ್ಕೆ ಹಳೇ ನೀರು ವಾಪಸ್ ಬಂತು.

ಇನ್ನೊಂದು ಮಾತು. ಸೀಸ ರಕ್ತದಲ್ಲಿ ಬಹಳ ದಿನ ನಿಲ್ಲಲ್ಲ. ತಿಂಗಳೊಪ್ಪತ್ತಿನಲ್ಲಿ ಅರ್ಧಕ್ಕಿಳಿಯುತ್ತೆ, ಮೂಳೆಗೆ ಹೋಗಿ ಹತ್ತಾರು ವರ್ಷ ಕೂರುತ್ತೆ. ತಡವಾಗಿ ಸೂಜಿ ಚುಚ್ಚಿ "ಏನೂ ಇಲ್ಲ" ಅಂದರೆ ಕಾಗದ ಮಾತ್ರ ಕ್ಲೀನ್. ಇನ್ನು "ಮಿತಿಯೊಳಗಿದೆ" ಅನ್ನೋ ಮಾತು! ಅಮೆರಿಕದಲ್ಲಿ 1960ರ ದಶಕದಲ್ಲಿ ಆ ಮಿತಿ 60 ಇತ್ತು. 1991ರಲ್ಲಿ 10, 2012ರಲ್ಲಿ 5, 2021ರಲ್ಲಿ 3.5. ಮಕ್ಕಳ ಮೆದುಳು ಮೊದಲಿಂದಲೂ ಒಂದೇ ಥರದ್ದು.

ನಮ್ಮಲ್ಲೂ ಅಳೆದಿದ್ದಾರೆ. 1990ರ ದಶಕದ ಕೊನೆಯಲ್ಲಿ ಬೆಂಗಳೂರೂ ಸೇರಿ ಏಳು ನಗರಗಳಲ್ಲಿ ಡಾ. ತುಪ್ಪಿಲ್ ವೆಂಕಟೇಶ್ ಮತ್ತು ಜೊತೆಗಾರರು ನೋಡಿದಾಗ, 12 ವರ್ಷದೊಳಗಿನ ಅರ್ಧಕ್ಕಿಂತ ಹೆಚ್ಚು ಮಕ್ಕಳಲ್ಲಿ ಸೀಸ 10ರ ಮೇಲಿತ್ತು. 2000ದಲ್ಲಿ ಸೀಸದ ಪೆಟ್ರೋಲ್ ನಿಂತಿತು. ಹಳೇ ಬ್ಯಾಟರಿ ಒಡೆದು ಸೀಸ ಕರಗಿಸೋ ಕೆಲಸ ನಿಂತಿಲ್ಲ. ಅದನ್ನು ಯಾರು ಮಾಡ್ತಾರೆ, ಹೊಗೆ ಯಾವ ಕಡೆ ಹೋಗುತ್ತೆ, ನಿಮಗೆ ಹೇಳಬೇಕಿಲ್ಲ.

ಊರಿಗೂ ಕೇರಿಗೂ ಇಲ್ಲಿ ಒಂದೇ ಪಿನ್‌ಕೋಡ್. ರಕ್ತ ಪರೀಕ್ಷೆ ಬಗ್ಗೆ ಆರ್‌ಟಿಐ ಹಾಕೋರು ದಯವಿಟ್ಟು "ತಾಲ್ಲೂಕುವಾರು" ಅಂತ ಬರೀಬೇಡಿ. ಕೇರಿವಾರು ಕೇಳಿ, ಪರೀಕ್ಷೆ ಮಾಡಿದ ತಾರೀಕೂ ಕೇಳಿ.