ಅಕ್ಷಿಪಟಲದ ಅಭಿಧಮನಿ ತಡೆ

ಅಕ್ಷಿಪಟಲದ ಅಭಿಧಮನಿ ತಡೆ ಎಂಬುದು ಕಣ್ಣಿನ ಒಳಪದರವಾದ ಅಕ್ಷಿಪಟಲದಿಂದ (ರೆಟಿನಾ) ರಕ್ತವನ್ನು ಹೊರಗೊಯ್ಯುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿ ಹರಿವು ಕುಂಠಿತವಾಗುವ ಕಾಯಿಲೆ. ಅಕ್ಷಿಪಟಲದ ರಕ್ತನಾಳಗಳ ಕಾಯಿಲೆಗಳಲ್ಲಿ ಮಧುಮೇಹದ ರೆಟಿನೋಪತಿಯ ನಂತರ ಇದೇ ಹೆಚ್ಚು ಸಾಮಾನ್ಯವಾದುದು. 2015ರಲ್ಲಿ ಜಗತ್ತಿನಲ್ಲಿ ಸುಮಾರು 2.8 ಕೋಟಿ ಜನರಿಗೆ ಈ ಕಾಯಿಲೆಯಿತ್ತೆಂದು ಅಂದಾಜಿಸಲಾಗಿದೆ.

ವಿಧಗಳು

ತಡೆಯು ಮುಖ್ಯ ನಾಳದಲ್ಲಿ ಉಂಟಾದರೆ ಕೇಂದ್ರ ಅಭಿಧಮನಿ ತಡೆ ಎಂದೂ, ಕವಲಿನಲ್ಲಿ ಉಂಟಾದರೆ ಶಾಖಾ ಅಭಿಧಮನಿ ತಡೆ ಎಂದೂ ಕರೆಯುತ್ತಾರೆ. ಎರಡನೆಯದೇ ಹೆಚ್ಚು. ಅಪಧಮನಿಯು ಅಭಿಧಮನಿಯನ್ನು ದಾಟುವ ಸ್ಥಳದಲ್ಲಿ ಎರಡಕ್ಕೂ ಒಂದೇ ಹೊದಿಕೆಯಿರುತ್ತದೆ. ಅಪಧಮನಿ ಗಡುಸಾದಾಗ ಪಕ್ಕದ ಅಭಿಧಮನಿ ಒತ್ತಲ್ಪಟ್ಟು ಅಲ್ಲಿಯೇ ರಕ್ತ ಹೆಪ್ಪುಗಟ್ಟುತ್ತದೆ.

ಕಾರಣಗಳು ಮತ್ತು ಲಕ್ಷಣಗಳು

ವಯಸ್ಸು, ಅಧಿಕ ರಕ್ತದೊತ್ತಡ, ಮಧುಮೇಹ, ರಕ್ತದಲ್ಲಿ ಅಧಿಕ ಕೊಬ್ಬು, ಗ್ಲಾಕೋಮಾ ಹಾಗೂ ಧೂಮಪಾನ ಮುಖ್ಯ ಅಪಾಯಕಾರಿ ಅಂಶಗಳು. ಸಾಮಾನ್ಯವಾಗಿ ಒಂದೇ ಕಣ್ಣಿನ ದೃಷ್ಟಿ ಹಠಾತ್ತಾಗಿ ಮಂಜಾಗುತ್ತದೆ, ನೋವಿರುವುದಿಲ್ಲ. ಇನ್ನೊಂದು ಕಣ್ಣು ಚೆನ್ನಾಗಿ ಕಾಣುವುದರಿಂದ ವೃದ್ಧರು ಇದನ್ನು ಪೊರೆಯೆಂದು ಭಾವಿಸಿ ತಡಮಾಡುವ ಸಂಭವವಿದೆ. ಆ ಅವಧಿಯಲ್ಲಿ ಅಕ್ಷಿಪಟಲದ ಮಧ್ಯಭಾಗವಾದ ಮ್ಯಾಕ್ಯುಲಾದಲ್ಲಿ ಊತ ಬೆಳೆದು ದೃಷ್ಟಿಗೆ ಶಾಶ್ವತ ಹಾನಿಯಾಗಬಹುದು. ತೀವ್ರ ಸ್ವರೂಪದ ಕೇಂದ್ರ ತಡೆಯಲ್ಲಿ ಕೆಲವು ತಿಂಗಳೊಳಗೆ ಹೊಸ ದುರ್ಬಲ ನಾಳಗಳು ಬೆಳೆದು ನೋವಿನ ಗ್ಲಾಕೋಮಾ ಉಂಟಾಗುವುದುಂಟು. ಒಂದೊಂದೇ ಕಣ್ಣನ್ನು ಮುಚ್ಚಿ ದೃಷ್ಟಿಯನ್ನು ಪರೀಕ್ಷಿಸಿಕೊಳ್ಳುವುದು ಸರಳವಾದ ಮುನ್ನೆಚ್ಚರಿಕೆ.

ವೈದ್ಯಕೀಯ ಸಂಶೋಧನೆ

ಭಾರತೀಯ ಮೂಲದ ನೇತ್ರತಜ್ಞ ಸೋಹನ್ ಸಿಂಗ್ ಹೇರೆಯವರು ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಈ ಕಾಯಿಲೆಯ ವರ್ಗೀಕರಣ ಹಾಗೂ ಸಹಜ ಗತಿಯನ್ನು ದೀರ್ಘಕಾಲ ಅಧ್ಯಯನ ಮಾಡಿದರು. ಶಾಖಾ ತಡೆಯ ಊತಕ್ಕೆ ಲೇಸರ್ ಚಿಕಿತ್ಸೆಯಿಂದ ದೃಷ್ಟಿ ಸುಧಾರಿಸುವುದೆಂದು 1984ರಲ್ಲಿ ಪ್ರಕಟವಾದ ಅಧ್ಯಯನವು ತೋರಿಸಿತು. ಕೇಂದ್ರ ತಡೆಯಲ್ಲಿ ಲೇಸರ್‌ನಿಂದ ಊತ ಇಳಿದರೂ ದೃಷ್ಟಿ ಸುಧಾರಿಸುವುದಿಲ್ಲವೆಂದು 1995ರ ಅಧ್ಯಯನದಿಂದ ತಿಳಿಯಿತು.

2010ರಲ್ಲಿ ರಾನಿಬಿಜುಮಾಬ್ ಚುಚ್ಚುಮದ್ದಿನ ಫಲಿತಾಂಶಗಳು ಪ್ರಕಟವಾದವು. ಕೇಂದ್ರ ತಡೆಯ ರೋಗಿಗಳ ಅಧ್ಯಯನದಲ್ಲಿ ಆರು ತಿಂಗಳ ಬಳಿಕ 0.5 ಮಿ.ಗ್ರಾಂ. ಪಡೆದವರಲ್ಲಿ ಶೇ. 47.7 ಮಂದಿ ದೃಷ್ಟಿಫಲಕದಲ್ಲಿ 15 ಅಥವಾ ಹೆಚ್ಚು ಅಕ್ಷರಗಳನ್ನು ಅಧಿಕವಾಗಿ ಓದಿದರು. ತೋರಿಕೆಯ ಚಿಕಿತ್ಸೆ ಪಡೆದವರಲ್ಲಿ ಈ ಪ್ರಮಾಣ ಶೇ. 16.9 ಮಾತ್ರ. 2017ರಲ್ಲಿ 362 ರೋಗಿಗಳ ಅಧ್ಯಯನವು, ಬೆಲೆ ಕಡಿಮೆಯಿರುವ ಬೆವಾಸಿಜುಮಾಬ್ ದೃಷ್ಟಿಯ ದೃಷ್ಟಿಯಿಂದ ಆಫ್ಲಿಬರ್ಸೆಪ್ಟ್‌ಗಿಂತ ಕೆಳಮಟ್ಟದ್ದಲ್ಲವೆಂದು ಸ್ಥಾಪಿಸಿತು. ಪುನಃಪುನಃ ಚುಚ್ಚುಮದ್ದು ಬೇಕಾಗುವುದರಿಂದ ಭಾರತದಂತಹ ದೇಶಕ್ಕೆ ಈ ಫಲಿತಾಂಶ ಮಹತ್ವದ್ದು.

ಕರ್ನಾಟಕದಲ್ಲಿ

ದಕ್ಷಿಣ ಕನ್ನಡ ಜಿಲ್ಲೆಯ ಸುಳ್ಯದಲ್ಲಿ ಕುರುಂಜಿ ವೆಂಕಟರಮಣ ಗೌಡರ ಹೆಸರಿನ ವೈದ್ಯಕೀಯ ಹಾಗೂ ದಂತ ವೈದ್ಯಕೀಯ ಕಾಲೇಜುಗಳಿವೆ. ಇವು 1996ರಲ್ಲಿ ಸ್ಥಾಪನೆಯಾದ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಸಂಯೋಜಿತವಾಗಿವೆ. ರಾಜ್ಯದ ವೈದ್ಯಕೀಯ ಹಾಗೂ ದಂತ ಸ್ನಾತಕೋತ್ತರ ವಿದ್ಯಾರ್ಥಿಗಳು ಸಂಶೋಧನಾ ಪ್ರಬಂಧ ಸಲ್ಲಿಸಬೇಕು. ರೋಗಿಗಳ ಮೇಲಿನ ಅಧ್ಯಯನಕ್ಕೆ ನೈತಿಕ ಸಮಿತಿಯ ಅನುಮತಿ ಹಾಗೂ ರೋಗಿಯ ಒಪ್ಪಿಗೆ ಅಗತ್ಯ. ಅಕ್ಷಿಪಟಲದ ಪದರಗಳನ್ನು ಅಳೆಯುವ ಓ.ಸಿ.ಟಿ. ಚಿತ್ರಣ ನೇತ್ರ ಸಂಶೋಧನೆಗೂ, ದವಡೆಯ ಮೂಳೆಯ ಎತ್ತರ ಹಾಗೂ ಅಗಲವನ್ನು ತೋರಿಸುವ ಸಿ.ಬಿ.ಸಿ.ಟಿ. ಚಿತ್ರಣ ಕೃತಕ ದಂತಮೂಲ ಕೂರಿಸುವ ಯೋಜನೆಗೂ ಆಧಾರವಾಗಿವೆ.

ತಡೆಗಟ್ಟುವಿಕೆ

ಹಾನಿಗೊಂಡ ಅಕ್ಷಿಪಟಲವನ್ನು ಪೂರ್ಣವಾಗಿ ಮೊದಲಿನಂತಾಗಿಸುವ ಚಿಕಿತ್ಸೆಯಿಲ್ಲ. ರಕ್ತದೊತ್ತಡ ಮತ್ತು ಸಕ್ಕರೆಯ ಅಂಶವನ್ನು ಹತೋಟಿಯಲ್ಲಿಡುವುದು, ಧೂಮಪಾನ ತ್ಯಜಿಸುವುದು ಹಾಗೂ ದೃಷ್ಟಿ ಮಂಜಾದೊಡನೆ ನೇತ್ರತಜ್ಞರನ್ನು ಕಾಣುವುದು ಮುಖ್ಯ ಉಪಾಯಗಳು. ಒಂದು ಕಣ್ಣಿಗೆ ಈ ಕಾಯಿಲೆ ಬಂದವರು ಇನ್ನೊಂದು ಕಣ್ಣನ್ನೂ ನಿಯಮಿತವಾಗಿ ಪರೀಕ್ಷಿಸಿಕೊಳ್ಳಬೇಕು.