ವಂತಿಗೆಯೋ ಅನುದಾನವೋ: ಒಂದು ಹಳೆಯ ಲೆಕ್ಕ

ಸದಸ್ಯರ ವಂತಿಗೆಯಿಂದ ಬದುಕುವ ಸಂಸ್ಥೆಗಳಿಗೆ ಅಂಟಿಕೊಂಡ ಕಾಯಿಲೆಯೊಂದಿದೆ. ಹುಟ್ಟಿದ ವರ್ಷ ಉತ್ಸಾಹಕ್ಕೆ ಕೊರತೆಯಿರುವುದಿಲ್ಲ; ಹತ್ತಿಪ್ಪತ್ತು ವರ್ಷ ಕಳೆಯುವಷ್ಟರಲ್ಲಿ ಚಂದಾದಾರರ ಪಟ್ಟಿ ಕರಗುತ್ತದೆ, ಖರ್ಚು ಕರಗುವುದಿಲ್ಲ. ಆಗ ಕಣ್ಣು ಸಹಜವಾಗಿಯೇ ಸರ್ಕಾರದ ಬೊಕ್ಕಸದತ್ತ ಹೊರಳುತ್ತದೆ. ಬ್ರಿಟನ್ನಿನ ಜೀವರಕ್ಷಕ ದೋಣಿಗಳ ಸಂಸ್ಥೆ ಈ ದಾರಿಯಲ್ಲಿ ಹೋಗಿ ಮರಳಿ ಬಂದ ಅಪರೂಪದ ಉದಾಹರಣೆ.

ಐಲ್ ಆಫ್ ಮ್ಯಾನ್ ದ್ವೀಪದಲ್ಲಿ ನೆಲೆಸಿದ್ದ ಸರ್ ವಿಲಿಯಂ ಹಿಲರಿ, ಒಡೆದ ಹಡಗುಗಳಿಂದ ಜನರನ್ನು ಕಾಪಾಡಲು ರಾಷ್ಟ್ರವ್ಯಾಪಿ ಸಂಸ್ಥೆಯೊಂದು ಬೇಕೆಂದು 1823ರಲ್ಲಿ ಮನವಿ ಪ್ರಕಟಿಸಿದನು. 1824ರ ಮಾರ್ಚ್ 4ರಂದು ಲಂಡನ್ನಿನಲ್ಲಿ ಸಂಸ್ಥೆ ಹುಟ್ಟಿತು. ಮೊದಲ ವರ್ಷ ಸುಮಾರು 10,000 ಪೌಂಡ್ ಕೂಡಿಬಂತು. 1850ರ ಹೊತ್ತಿಗೆ ಆದಾಯ ಕೆಲವೇ ನೂರು ಪೌಂಡ್‌ಗಳಿಗೆ ಇಳಿದಿತ್ತು. ಅದರ ಹಿಂದಿನ ವರ್ಷವಷ್ಟೇ ಸೌತ್ ಶೀಲ್ಡ್ಸ್ ಎಂಬಲ್ಲಿ ಸ್ಥಳೀಯ ರಕ್ಷಣಾ ದೋಣಿಯೊಂದು ಮಗುಚಿ 20 ಮಂದಿ ಮಡಿದಿದ್ದರು. ರಕ್ಷಿಸಲು ಹೋದವರನ್ನೇ ರಕ್ಷಿಸಲಾರದ ದುಃಸ್ಥಿತಿ ಅದು.

1854ರಲ್ಲಿ ಸಂಸ್ಥೆ ಹೊಸ ಹೆಸರು ತಳೆಯಿತು. ಜೊತೆಗೆ ಸರ್ಕಾರದಿಂದ ವರ್ಷಕ್ಕೆ 2,000 ಪೌಂಡ್ ಸಹಾಯಧನವನ್ನೂ ಒಪ್ಪಿಕೊಂಡಿತು. ಕುಸಿಯುತ್ತಿದ್ದ ಸಂಸ್ಥೆಗೆ ಆ ಹಣ ಊರುಗೋಲಾಯಿತೆಂಬುದನ್ನು ಅಲ್ಲಗಳೆಯಲಾಗದು. ಆದರೆ ಊರುಗೋಲಿಗೂ ತೂಕವಿತ್ತು. ಕಚೇರಿಯ ಕಟ್ಟುಪಾಡುಗಳು ಬೆನ್ನಿಗೆ ಬಂದವು. ಸಾರ್ವಜನಿಕರ ಸ್ವಯಂಪ್ರೇರಿತ ಕೊಡುಗೆಯೂ ಕುಗ್ಗಿತು. ಸರ್ಕಾರವೇ ಕೊಡುತ್ತಿರುವಾಗ ತಾನೇಕೆ ಕೊಡಬೇಕೆಂದು ದಾನಿಗೆ ತೋರುವುದು ಅಸಹಜವೇನಲ್ಲ. ಕೊನೆಗೆ 1869ರಲ್ಲಿ ಸಂಸ್ಥೆ ಆ ಸಹಾಯಧನವನ್ನು ತಾನಾಗಿಯೇ ಕೈಬಿಟ್ಟಿತು.

ಸ್ವಾತಂತ್ರ್ಯ ದೊರೆತೊಡನೆ ಹಣದ ಚಿಂತೆ ತೀರಲಿಲ್ಲ. ಸಂಸ್ಥೆ ಬಹುಮಟ್ಟಿಗೆ ಸಿರಿವಂತರ ಕೊಡುಗೆಯನ್ನೇ ನೆಚ್ಚಿಕೊಂಡಿತ್ತು. 1886ರ ಡಿಸೆಂಬರಿನಲ್ಲಿ ಲ್ಯಾಂಕಾಶೈರ್ ಕರಾವಳಿಯಲ್ಲಿ 'ಮೆಕ್ಸಿಕೋ' ಎಂಬ ಹಡಗು ಅಪಾಯಕ್ಕೆ ಸಿಲುಕಿದಾಗ ನೆರವಿಗೆ ಧಾವಿಸಿದ ಎರಡು ದೋಣಿಗಳ 27 ಮಂದಿ ಜಲಸಮಾಧಿಯಾದರು. ಮೂರನೆಯ ದೋಣಿ ಹಡಗಿನವರನ್ನು ಉಳಿಸಿತು. ಮಡಿದವರ ಹೆಂಡಿರು ಮಕ್ಕಳಿಗಾಗಿ ನಿಧಿ ಕೂಡಿಸಲು ಮುಂದಾದವರಲ್ಲಿ ಹತ್ತಿಗಿರಣಿಯ ಒಡೆಯ ಚಾರ್ಲ್ಸ್ ಮಕಾರಾ ಒಬ್ಬನು. ಸಮುದ್ರವನ್ನೇ ಕಾಣದ ಊರುಗಳ ಕೂಲಿಕಾರರೂ ಕೊಡಬಲ್ಲರೆಂಬುದು ಅವನ ನಂಬಿಕೆ. 1891ರಲ್ಲಿ ಮ್ಯಾಂಚೆಸ್ಟರಿನ ಬೀದಿಗಳಲ್ಲಿ ದೋಣಿಗಳ ಮೆರವಣಿಗೆ ನಡೆಯಿತು. ಮಹಡಿಗಳಲ್ಲಿದ್ದವರಿಗೂ ಕೋಲಿಗೆ ಕಟ್ಟಿದ ಚೀಲಗಳನ್ನು ಚಾಚಿ ಚಿಲ್ಲರೆ ಕಾಸು ಕೂಡಿಸಲಾಯಿತು. ಒಂದೇ ದಿನದಲ್ಲಿ 5,000 ಪೌಂಡ್‌ಗೂ ಮಿಕ್ಕಿದ ಹಣ ಬಂತು. 1897ರಲ್ಲಿ ಸಂಸ್ಥೆಯ ಆಡಳಿತವನ್ನು ಪರಿಶೀಲಿಸಿದ ಸಂಸದೀಯ ಸಮಿತಿಯೂ, ಜನರ ಬೆಂಬಲವಿರುವವರೆಗೆ ಸರ್ಕಾರ ಅದನ್ನು ವಹಿಸಿಕೊಳ್ಳಬೇಕಿಲ್ಲವೆಂದಿತು.

ಈ ಚರಿತ್ರೆಯಿಂದ ಸರ್ಕಾರದ ಹಣವೆಲ್ಲ ವರ್ಜ್ಯವೆಂಬ ತೀರ್ಮಾನಕ್ಕೆ ಬರಬೇಕಾಗಿಲ್ಲ. ಕಷ್ಟಕಾಲದಲ್ಲಿ ಅದು ಆಸರೆಯಾಯಿತು. ಅದನ್ನು ಬಿಟ್ಟ ಮೇಲೆ ಸಂಸ್ಥೆಯನ್ನು ಎತ್ತಿಹಿಡಿದದ್ದು ಮಾತ್ರ ಕೊಡುವವರ ವೃತ್ತವನ್ನು ಹಿಗ್ಗಿಸಿದ ಕೆಲಸ. ಹೊರನಾಡಿನ ನಮ್ಮ ಸಂಘಗಳೂ ಅನುದಾನದ ಅರ್ಜಿ ಬರೆಯುವ ಮುನ್ನ ಸದಸ್ಯರ ಪಟ್ಟಿಯನ್ನೊಮ್ಮೆ ತೆರೆದು, ಈಚಿನ ಐದು ವರ್ಷಗಳಲ್ಲಿ ಎಷ್ಟು ಹೊಸ ಹೆಸರುಗಳು ಸೇರಿವೆಯೆಂದು ಎಣಿಸಿ ನೋಡುವುದು ಒಳ್ಳೆಯದು.